‘ನಮ್ಮವರು’ ಎಂಬ ಮೆಟ್ಟಿಲು

“ಮನುಷ್ಯನ ಪ್ರಜ್ಞೆ ಮೊದಲು ಹೊಟ್ಟೆಯಲ್ಲಿರುತ್ತದೆ. ಆಮೇಲೆ ‘ನಮ್ಮವರು’ ಎಂಬ ಮೆಟ್ಟಿಲಿಗೆ ಏರುತ್ತದೆ. ಅದನ್ನೂ ದಾಟಿದವನಿಗೆ ಎಲ್ಲರೂ ಒಂದೇ” ಎಂದು ಅಣ್ಣ ಉಪನ್ಯಾಸ ಮುಗಿಸಿದಾಗ ಸಭಾಂಗಣದ ತುಂಬ ಚಪ್ಪಾಳೆ. ಹಿಂದಿನ ಸಾಲಿನಲ್ಲಿ ಕೂತಿದ್ದ ತಂಗಿ ಮಂದಾಕಿನಿಗೆ ಮೈಯೆಲ್ಲ ಉರಿಯಿತು. ಜನ ಕರಗುವವರೆಗೂ ಕಾದು, ನೇರ ಅವನೆದುರು ಹೋಗಿ ನಿಂತಳು.

“ತಮ್ಮನ ಎರಡೂ ಕಿಡ್ನಿ ಹೋಗಿದೆ. ನಂದು ಹೊಂದಲ್ಲ ಅಂದ್ರು ಡಾಕ್ಟ್ರು. ನಿಂದೂ ಅವನದೂ ಒಂದೇ ರಕ್ತದ ಗುಂಪು. ಫೋನ್ ಮಾಡಿದ್ರೆ ತೆಗೆಯೋದೂ ಇಲ್ವಲ್ಲ ನೀನು!”

“ಕೊಡಕ್ಕಾಗಲ್ಲ ಮಂದಾ.”

“ಯಾಕೆ? ಅವನು ‘ನಮ್ಮವನು’ ಅನ್ನೋ ಕಾರಣಕ್ಕಾ? ಆ ಮೆಟ್ಟಿಲು ದಾಟಿಬಿಟ್ಯಾ?”

ಅಣ್ಣ ತಲೆ ತಗ್ಗಿಸಿದ. ಅದನ್ನು ಕಂಡು ಅವಳ ಸಿಟ್ಟು ಇನ್ನಷ್ಟು ಏರಿತು.

“ಹೇಡಿ! ಆಪರೇಷನ್‌ಗೆ ಹೆದರ್ಕೊಂಡು ವೇದಾಂತ ಹೇಳ್ತೀಯ. ಅವನು ಸತ್ರೆ ಹೆಣ ನೋಡೋಕೂ ಬರಬೇಡ.”

ಹೊರಡಲು ತಿರುಗಿದವಳ ಕೈ ಹಿಡಿದು ನಿಲ್ಲಿಸಿ, ಅಣ್ಣ ಅಂಗಿಯನ್ನು ಮೇಲೆತ್ತಿದ. ಪಕ್ಕೆಯ ಕೆಳಗೆ ಉದ್ದನೆಯ ಹೊಲಿಗೆಯ ಗುರುತಿತ್ತು.

“ಹೋದ ವರ್ಷಾನೇ ಕೊಟ್ಟುಬಿಟ್ಟೆ” ಎಂದ. “ಯಾರಿಗೆ ಅಂತಲೂ ಕೇಳ್ಲಿಲ್ಲ.”