ಸಿಂಕಿಗೆ ಸುರಿದ ಸಿಟ್ಟು

ಹೊಸ ಫ್ಲಾಸ್ಕ್ ಕೊಂಡ ಮೇಲೆ ಸುಗುಣಳಿಗೆ ಆಫೀಸು ಹಗುರವಾಗಿತ್ತು. ಜನನ ಪತ್ರದ ಕೌಂಟರಿನಲ್ಲಿ ಯಾರ ಮೇಲಾದರೂ ರೇಗಿದರೆ, ಮುಚ್ಚಳ ತೆರೆದು ಒಮ್ಮೆ ಉಸಿರು ಬಿಟ್ಟರೆ ಸಾಕು. ನಾಲಿಗೆಯ ತುದಿಗೆ ಬಂದ ಮಾತಿನ ಸಮೇತ ಸಿಟ್ಟೆಲ್ಲ ಒಳಗಿಳಿದು ಕೆಂಪು ನೀರಾಗುತ್ತಿತ್ತು. ಆಗ ಮುಚ್ಚಳದಲ್ಲಿ ಮಿನುಗುವ ನೀಲಿ ದೀಪವನ್ನು ನೋಡುವುದೇ ಅವಳಿಗೊಂದು ಖುಷಿ.

ಆ ನೀರನ್ನು ಬೆಳಗ್ಗೆ ಬರುವ ಕಸದ ಗಾಡಿಗೆ ಕೊಡಬೇಕು. ಹಸಿ ಕಸ, ಒಣ ಕಸ, ಸಿಟ್ಟು, ಮೂರಕ್ಕೂ ಬೇರೆ ಬೇರೆ ಡ್ರಮ್ಮು. ಅದಕ್ಕಾಗಿ ಮೂರು ಮಹಡಿ ಇಳಿಯುವವರು ಯಾರು? ಸುಗುಣ ದಿನಾ ಸಂಜೆ ಅಡುಗೆಮನೆಯ ಸಿಂಕಿಗೆ ಸುರಿದು ನಲ್ಲಿ ತಿರುಗಿಸಿಬಿಡುತ್ತಿದ್ದಳು.

ಇವತ್ತು ಸುರಿಯುವಷ್ಟರಲ್ಲಿ ಕೆಳಗಿನ ಮನೆಯ ಜಲಜಾ ಬಾಗಿಲು ತಟ್ಟಿದಳು. ಅವಳ ಗಂಡ ಟೈಲರು, ದನಿ ಎತ್ತಿ ಮಾತಾಡಿದವನಲ್ಲ.

“ನಮ್ಮ ಗಲಾಟೆಯಿಂದ ನಿಮಗೂ ತೊಂದರೆ ಅಲ್ವಾ ಅಕ್ಕಾ? ಒಂದು ತಿಂಗಳಿಂದ ಹೀಗೇ. ಮೇಲಿನ ಪೈಪು ನಮ್ಮ ಸಿಂಕಿಗೆ ಸೋರ್ತಿದೆ. ಅಲ್ಲಿ ಕೈ ತೊಳೆಯೋಕೆ ಹೋದವರು ರೇಗಾಡ್ತಾನೇ ಬರ್ತಾರೆ. ನಿನ್ನೆ ನಮ್ಮ ಯಜಮಾನ್ರನ್ನ ಊಟಕ್ಕೆ ಕರೆದ್ರೆ, ‘ಜೆರಾಕ್ಸ್ ಎಲ್ರೀ? ಹೋಗಿ ಸಾಲಲ್ಲಿ ನಿಲ್ರೀ’ ಅಂತ ನನ್ನ ಮೇಲೆ ಕೂಗಾಡಿದ್ರು. ಯಾವ ಜೆರಾಕ್ಸು ಅಂದ್ರೆ, ಗೊತ್ತಿಲ್ಲ ಅಂತ ಅವರೇ ಅತ್ತುಬಿಟ್ರು.”

ಸುಗುಣ ಫ್ಲಾಸ್ಕನ್ನು ಸೆರಗಿನ ಮರೆಗೆ ಸರಿಸಿದಳು. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದರೆ, “ಎಲ್ಲಾ ಸರಿಹೋಗುತ್ತೆ ಬಿಡಿ” ಎಂದಷ್ಟೇ ಬಂತು.

“ನಿಮ್ಮ ತಾಳ್ಮೆ ನಮಗೂ ಇದ್ದಿದ್ರೆ,” ಎನ್ನುತ್ತಾ ಜಲಜಾ ಬಟ್ಟಲೊಂದನ್ನು ಅವಳ ಕೈಗಿಟ್ಟಳು. “ಪಾಯಸ. ಅಕ್ಕನಿಗೆ ತೊಂದರೆ ಆಗಿದೆ, ಕೊಟ್ಟು ಬಾ ಅಂತ ಅವರೇ ಕಳಿಸಿದ್ರು.”

ಜಲಜಾ ಹೋದ ಮೇಲೆ ಪಾಯಸವನ್ನು ಬೇರೆ ಪಾತ್ರೆಗೆ ಬಗ್ಗಿಸಿದಳು. ಬಟ್ಟಲು ತೊಳೆಯಲು ಸಿಂಕಿನ ಮುಂದೆ ನಿಂತ ಸುಗುಣಳಿಗೆ ನಲ್ಲಿ ತಿರುಗಿಸಲೂ ಕೈ ಬರಲಿಲ್ಲ.