ಅನ್ಯಗ್ರಹದಲ್ಲಿ ರಾಜಿ

ಒಳಕೋಣೆಯಲ್ಲಿ ಗಂಡ ಗೊರಕೆ ಹೊಡೆಯುತ್ತಿದ್ದ. ನಡುಮನೆಯ ಕಂಪ್ಯೂಟರಿನ ಆಟದಲ್ಲಿ ಅವನ ಸೈನ್ಯ ಹುಳುಗಳ ಮೇಲೆ ಬೆಂಕಿ ಉಗುಳುತ್ತಿತ್ತು. ಅರ್ಧ ದಿನ ರಜೆ ಹಾಕಿ, ಗಂಡನನ್ನು ಎಬ್ಬಿಸಿ ಸಿಹಿ ಸುದ್ದಿ ಹೇಳಬೇಕೆಂದು ಓಡಿಬಂದಿದ್ದ ಸೊಸೆ ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತಳು. ಮೌಸ್ ಹಿಡಿದು ಕೂತಿದ್ದವರು ಅತ್ತೆ. ಕನ್ನಡಕ ಮೂಗಿನ ತುದಿಗೆ ಜಾರಿತ್ತು, ತೊಡೆಯ ಮೇಲೆ ಅರ್ಧ ಮಡಚಿದ ಟವೆಲ್ ಇತ್ತು.

ಗಂಡನಿಗೆ ಪ್ರೆಸ್ಸಿನಲ್ಲಿ ರಾತ್ರಿ ಪಾಳಿ, ಅವಳಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಹಗಲು ಪಾಳಿ. ಒಬ್ಬರು ಬರುವ ಹೊತ್ತಿಗೆ ಇನ್ನೊಬ್ಬರು ಹೊರಟಿರುತ್ತಿದ್ದರು. ಅದಕ್ಕೇ ಮದುವೆಯ ಹೊಸದರಲ್ಲಿ ಈ ಹಳೆಯ ಆಟ ಶುರುವಾಗಿತ್ತು. ಅನ್ಯಗ್ರಹವೊಂದರಲ್ಲಿ ಇಬ್ಬರದೂ ಒಂದೊಂದು ನಾಡು. ಬೆಳಿಗ್ಗೆ ಅವನ ಸರದಿ, ಸಂಜೆ ಅವಳದು. ಊರು ಕಟ್ಟಬೇಕು, ನೆಲದಿಂದೇಳುವ ಹುಳುಗಳನ್ನು ಸುಡಬೇಕು, ಪಕ್ಕದ ನಾಡಿನ ಜೊತೆ ಹೊಂದಿಕೊಂಡು ಹೋಗಬೇಕು.

ಈಚೆಗೆ ಇಬ್ಬರಿಗೂ ದೊಡ್ಡ ಜಗಳವಾಗಿತ್ತು. “ಹೋಗೋದಾದ್ರೆ ಹೋಗು” ಅಂದ ಗಂಡ ಮರುದಿನ ಆಟದಲ್ಲೂ ಅವಳ ಮೇಲೆ ಯುದ್ಧ ಸಾರಿದ್ದ. ಅವಳಿಗೂ ಸಿಟ್ಟು ಮೂಗಿನ ತುದಿಯಲ್ಲೇ. ದೂರದ ಊರಿಗೆ ವರ್ಗ ಕೇಳಿದಳು. ಅಷ್ಟರಲ್ಲಿ ಒಂದು ಸಂಜೆ ಪರದೆಯ ಮೇಲೆ ಅವನ ಕಡೆಯಿಂದ ರಾಜಿಯ ಕರೆ, ಜೊತೆಗೆ ನದಿದಂಡೆಯ ಒಂದು ಊರು ಉಡುಗೊರೆ. ರಜಾ ದಿನ ಎದುರು ಸಿಕ್ಕಾಗ ಗಂಡನ ಮುಖ ಮಾತ್ರ ಬಿಗಿದೇ ಇರುತ್ತಿತ್ತು. ಬಾಯಲ್ಲಿ ಹೇಳಲಾರದ್ದನ್ನು ಪಾಪ ಆಟದಲ್ಲಿ ಹೇಳುತ್ತಿದ್ದಾನೆ ಎಂದುಕೊಂಡಿದ್ದಳು.

“ಅತ್ತೆ, ಏನ್ ಮಾಡ್ತಿದೀರಿ?”

ಅತ್ತೆ ಬೆಚ್ಚಿಬಿದ್ದರು. “ಇಷ್ಟು ಬೇಗ ಬಂದ್ಯಾ? ಏನಿಲ್ಲ ಕಣೇ, ಈ ಹುಳುಗಳ ಕಾಟ. ಒಂದ್ ಕಡೆ ಸುಟ್ರೆ ಇನ್ನೊಂದ್ ಕಡೆ ಏಳ್ತಾವೆ.”

“ಅವರ ಆಟ ನೀವು ಆಡ್ತಿದೀರಾ?”

“ಅವನು ಆಡೋವಾಗ ಬಟ್ಟೆ ಮಡಚ್ತಾ ನೋಡ್ತಿದ್ದೆನಲ್ಲ, ಹಾಗೇ ಬಂತು. ನೀನು ಸಂಜೆ ಬಂದವಳೇ ಕೈಕಾಲೂ ತೊಳೀದೆ ಮೊದಲು ಇದನ್ನೇ ನೋಡೋಳು. ಇಲ್ಲಿ ಅವನ ಕಡೆ ಏನೂ ಅಲುಗಾಡಿರದಿದ್ರೆ ನಿನ್ನ ಮುಖ ನೋಡೋಕೆ ಆಗ್ತಿರಲಿಲ್ಲ.”

ಸೊಸೆ ಪರದೆಯ ಹತ್ತಿರ ಬಂದಳು. ಗಂಡನ ನಾಡಿನ ಪ್ರತಿ ಊರಲ್ಲೂ ಈಗೀಗ ಮೊದಲು ಏಳುತ್ತಿದ್ದುದು ಕಣಜ, ಆಮೇಲೆ ಆಸ್ಪತ್ರೆ. ಆಯುಧದ ಸುದ್ದಿಯೇ ಇರಲಿಲ್ಲ. ಗಂಡ ಎಷ್ಟು ಮೆತ್ತಗಾಗಿದ್ದಾನೆ ಎಂದು ಲ್ಯಾಬಿನಲ್ಲಿ ಎಲ್ಲರ ಮುಂದೆ ಹೊಗಳಿಕೊಂಡಿದ್ದಳು.

“ಆ ರಾಜಿ? ನದಿದಂಡೆ ಊರು?”

“ನಾನೇ ಕೊಟ್ಟಿದ್ದು,” ಎಂದು ಅತ್ತೆ ತಲೆ ತಗ್ಗಿಸಿದರು.

“ಅದನ್ನ ನಂಬ್ಕೊಂಡು ಇವತ್ತು ಟ್ರಾನ್ಸ್‌ಫರ್ ಬೇಡ ಅಂತ ಬರ್ಕೊಟ್ಟು, ಅದನ್ನೇ ಅವರಿಗೆ ಹೇಳೋಣ ಅಂತ ಓಡಿ ಬಂದೆ, ಅತ್ತೆ. ಆ ಜಾಗಕ್ಕೆ ಆಗ್ಲೇ ಬೇರೆಯವರನ್ನ ಹಾಕ್ಬಿಟ್ರು.”

ಸೊಸೆ ವರ್ಗ ಕೇಳಿದ್ದು ಅತ್ತೆಗೆ ಗೊತ್ತೇ ಇರಲಿಲ್ಲ. ಮೌಸ್ ಬಿಟ್ಟು ಅವಳತ್ತ ತಿರುಗಿದರು. ಪರದೆಯ ಮೇಲೆ ಅವರ ಪುಟ್ಟ ಸೈನಿಕ ಅಪ್ಪಣೆಗಾಗಿ ಕಾಯುತ್ತಾ ಮಿನುಗುತ್ತಿದ್ದ.

“ಅವರಿಗೆ ಇದೆಲ್ಲ ಗೊತ್ತಾ?”

“ಯುದ್ಧ ಸಾರಿದ ಮೇಲೆ ಅವನು ಇದರ ಮುಂದೆ ಕೂತೇ ಇಲ್ಲ, ಮಗಳೇ. ಅದನ್ನ ವಾಪಸ್ ತಗೊಂಡಿದ್ದು ನಾನು. ಅವನು ತಗೊಂಡಿಲ್ಲ.”

ಒಳಗೆ ಗೊರಕೆ ನಿಂತಿತು. ಮಂಚ ಕಿರುಗುಟ್ಟಿತು. ಅತ್ತೆ ಗಾಬರಿಯಿಂದ ಕೈಚಾಚಿ ಪರದೆ ಆರಿಸಿದರು. ಸೊಸೆ ಅದನ್ನು ಮತ್ತೆ ಹಚ್ಚಿ, ಒಳಕೋಣೆಯ ಬಾಗಿಲಿಗೆ ಎದುರಾಗಿ ತಿರುಗಿಸಿಟ್ಟಳು.