ಗುಂಡಿಯ ಸುತ್ತ ರಂಗೋಲಿ

"ಏನೇ, ಬೈದವ್ರಾ?" ಎನ್ನುತ್ತ ವನಜಮ್ಮ ಸೊಸೆ ಕೃತಿಕಾಳ ಫೋನಿನತ್ತ ಬಗ್ಗಿದರು. ದೀಪಾವಳಿಗೆ ಮನೆ ಮುಂದಿನ ರಂಗೋಲಿಯ ಫೋಟೊ ಹಾಕಿ ಎಂದು ಪಾಲಿಕೆ ಫೇಸ್‌ಬುಕ್‌ನಲ್ಲಿ ಕೇಳಿತ್ತು. ಶಿರಾ ಗೇಟ್ ಹಿಂದಿನ ತಮ್ಮ ಬೀದಿಯಲ್ಲಿ, ಮಳೆಗೆ ಬಾಯ್ಬಿಟ್ಟ ಗುಂಡಿಗೆ ಯಾರೂ ಬೀಳದಿರಲೆಂದು ವನಜಮ್ಮ ಅದರ ಸುತ್ತಲೇ ರಂಗೋಲಿ ಎಳೆಯುತ್ತಿದ್ದರು. ಕೃತಿಕಾ ಅದರ ಫೋಟೊವನ್ನೇ ಹಾಕಿಬಿಟ್ಟಿದ್ದಳು. ಅದಕ್ಕೇ ಈ ಅಳುಕು.

"ಇಲ್ನೋಡಿ ಅತ್ತೆ." ಕೃತಿಕಾ ಬೆರಳಾಡಿಸಿದಳು. ಅವರ ಫೋಟೊದ ಕೆಳಗೆ ಒಂದರ ಹಿಂದೊಂದು ಫೋಟೊ: ಯಾವ್ಯಾವುದೋ ಬೀದಿ, ಯಾರ್ಯಾರದೋ ಮನೆ, ಎಲ್ಲರ ಬಾಗಿಲ ಮುಂದೆಯೂ ಒಂದು ಗುಂಡಿ, ಅದರ ಸುತ್ತ ಬಳ್ಳಿ, ನವಿಲು, ತಾವರೆ. ವನಜಮ್ಮ ಇನ್ನಷ್ಟು ಬಗ್ಗಿ ನೋಡಿದರು. ಇಷ್ಟೊಂದು ಹೆಂಗಸರು!

ಕೊನೆಯಲ್ಲಿ ಪಾಲಿಕೆಯ ಉತ್ತರವಿತ್ತು. ಕೃತಿಕಾ ಗಟ್ಟಿಯಾಗಿ ಓದಿದಳು: "ಅಮ್ಮಂದಿರೇ, ನಾಳೆ ಗುಂಡಿ ಮುಚ್ಚೋಕೆ ಬರ್ತಿದೀವಿ. ರಂಗೋಲಿ ಅಳಿಸಬೇಡಿ, ಅದನ್ನ ನೋಡ್ಕೊಂಡೇ ಬರ್ತೀವಿ."